ಮಂಜು ಎಂದರೆ ಫಾಗೋ, ಮಿಸ್ಟೋ, ಸ್ನೋವೋ?

ಪ್ರಶ್ನೆ: ನಾವು ವಿರಾಜಪೇಟೆ ಕಡೆಯವರು. ಮನೆಯಲ್ಲಿ ಕೊಡವ ತಕ್ಕ್, ಪೇಟೆಯಲ್ಲಿ ಕನ್ನಡ. ಕಾಫಿ ತೋಟದ ನಡುವೆ ಇರುವ ನಮ್ಮ ಮನೆಯ ಕೆಲವು ಕೋಣೆಗಳನ್ನು ಹೋಮ್‌ಸ್ಟೇ ಮಾಡಿದ್ದೇವೆ. ಇಂಗ್ಲಿಷಿನಲ್ಲಿ ಮನೆಯ ಪರಿಚಯ ಬರೆಯುವುದು, ಅತಿಥಿಗಳ ಸಂದೇಶಗಳಿಗೆ ಉತ್ತರಿಸುವುದು ನನ್ನ ಪಾಲಿನ ಕೆಲಸ. ನಾನು ಕನ್ನಡ ಮಾಧ್ಯಮದಲ್ಲಿ ಓದಿದವಳು. ಡಿಸೆಂಬರಿನಲ್ಲಿ ಬೆಳಿಗ್ಗೆ ಮಂಜು ಬೀಳುತ್ತದೆ ಎಂಬುದನ್ನು ‘ಸ್ನೋ’ ಎಂದು ಬರೆದುಬಿಟ್ಟೆ. ಮಕ್ಕಳಿಗೆ ಹಿಮದಲ್ಲಿ ಆಡುವ ಬೂಟು ತರಬೇಕೇ ಎಂದು ಒಂದು ಕುಟುಂಬ ಕೇಳಿತು. ‘ಶೇಡ್’, ‘ಶ್ಯಾಡೋ’ ಎರಡಕ್ಕೂ ನಿಘಂಟಿನಲ್ಲಿ ನೆರಳು ಎಂದೇ ಇದೆ. ತಿಂಡಿ ಉಚಿತ ಎನ್ನಲು ‘ಕಾಂಪ್ಲಿಮೆಂಟರಿ’ ಎಂದು ಬರೆದರೆ ಸ್ಪೆಲ್ಲಿಂಗ್ ತಪ್ಪಿದೆ, ಅರ್ಥವೇ ಬೇರೆಯಾಗುತ್ತದೆ ಎಂದು ಮಗಳು ಹೇಳುತ್ತಾಳೆ. ಒಂದೇ ತರಹ ಇರುವ ಇಂಥ ಪದಗಳನ್ನು ಬೇರೆ ಮಾಡಿ ಗುರುತಿಸುವುದು ಹೇಗೆ?

ಉತ್ತರ: ನೀವು ಕೇಳಿರುವುದರಲ್ಲಿ ಎರಡು ಬೇರೆ ಬೇರೆ ತೊಡಕುಗಳಿವೆ. ಮಂಜು ಮತ್ತು ನೆರಳಿನದು ಅರ್ಥದ ತೊಡಕು: ಕನ್ನಡದ ಒಂದು ಪದ ಇಂಗ್ಲಿಷಿನ ಹಲವು ಪದಗಳ ಜಾಗದಲ್ಲಿ ಕುಳಿತಿದೆ. ಕಾಂಪ್ಲಿಮೆಂಟರಿಯದು ಕಿವಿಯ ತೊಡಕು: ಕೇಳಲು ಒಂದೇ, ಬರೆಯಲು ಬೇರೆ. ನೀವು ಕೇಳದೇ ಇರುವ ಮೂರನೆಯ ತೊಡಕೊಂದು ಇದೆ. ಇಂಗ್ಲಿಷಿನಿಂದ ನಮ್ಮೂರಿಗೆ ಬಂದು, ಇಲ್ಲಿಯೇ ಬೇರೆ ಅರ್ಥ ಪಡೆದ ಪದಗಳದು ಅದು. ಹೋಮ್‌ಸ್ಟೇ ನಡೆಸುವವರಿಗೆ ಹೆಚ್ಚು ತೊಂದರೆ ಕೊಡುವುದು ಅದೇ ಎಂದು ನನ್ನ ಅನಿಸಿಕೆ. ಮೂರಕ್ಕೂ ಮದ್ದು ಬೇರೆಯಾದ್ದರಿಂದ ಒಂದೊಂದಾಗಿ ನೋಡೋಣ.

ಮೊದಲು ಮಂಜು. ನೀವು ‘ಸ್ನೋ’ ಎಂದು ಬರೆದದ್ದಕ್ಕೆ ಕಾರಣ ನಿಮ್ಮ ಅಜ್ಞಾನವಲ್ಲ, ಕನ್ನಡದ ಧಾರಾಳತನ. ಕನ್ನಡದಲ್ಲಿ ಮಂಜು ಕವಿಯುತ್ತದೆ, ಮಂಜು ಮುಸುಕುತ್ತದೆ, ಮಂಜು ಬೀಳುತ್ತದೆ. ಹಿಮಾಲಯದಲ್ಲಿ ಬೀಳುವುದನ್ನೂ ಮಂಜು ಎನ್ನುತ್ತೇವೆ, ಮಡಿಕೇರಿಯನ್ನು ಮಂಜಿನ ನಗರಿ ಎಂದೂ ಕರೆಯುತ್ತೇವೆ. ಹಿಮಾಲಯದ್ದು ಹಿಮ, ಇಂಗ್ಲಿಷಿನಲ್ಲಿ ‘ಸ್ನೋ’. ಅದು ನೆಲದ ಮೇಲೆ ಬೀಳುತ್ತದೆ, ಬಿದ್ದು ರಾಶಿಯಾಗುತ್ತದೆ, ಕೈಯಲ್ಲಿ ಹಿಡಿಯಬಹುದು. 1,100 ಮೀಟರಿಗೂ ಹೆಚ್ಚು ಎತ್ತರದಲ್ಲಿರುವ ಮಡಿಕೇರಿಯಲ್ಲಿಯೂ ಅದು ಬೀಳುವುದಿಲ್ಲ. ನಮ್ಮ ಮಂಜು ಗಾಳಿಯಲ್ಲಿ ತೇಲುವ ಸಣ್ಣ ಸಣ್ಣ ನೀರಹನಿಗಳು. ಅದು ಕಣ್ಣಿಗೆ ಅಡ್ಡ ಬರುತ್ತದೆಯೇ ಹೊರತು ಕೈಗೆ ಸಿಗುವುದಿಲ್ಲ. ಇಂಗ್ಲಿಷಿನಲ್ಲಿ ಅದಕ್ಕೆ ಎರಡು ಹೆಸರು: ‘ಫಾಗ್’ ಮತ್ತು ‘ಮಿಸ್ಟ್’.

ಇವೆರಡರ ನಡುವಿನ ಗೆರೆಯನ್ನು ಹವಾಮಾನ ಶಾಸ್ತ್ರದವರು ಅಳತೆಯಲ್ಲಿಯೇ ಎಳೆದಿದ್ದಾರೆ. ಮಂಜಿನಿಂದಾಗಿ ಒಂದು ಕಿಲೋಮೀಟರಿಗಿಂತ ಆಚೆಗಿನದು ಕಾಣಿಸದೇ ಹೋದರೆ ಅದು ‘ಫಾಗ್’. ಮಸುಕಾಗಿದ್ದರೂ ಒಂದು ಕಿಲೋಮೀಟರಿಗಿಂತ ಆಚೆಗೆ ಕಾಣುತ್ತಿದ್ದರೆ ‘ಮಿಸ್ಟ್’. ವಸ್ತು ಎರಡರಲ್ಲೂ ಒಂದೇ, ಬದಲಾಗುವುದು ದಟ್ಟಣೆ. ಜುಲೈ ತಿಂಗಳಲ್ಲಿ ಮಡಿಕೇರಿಯ ಬೀದಿಯಲ್ಲಿ ಎದುರಿನ ಅಂಗಡಿಯ ಬೋರ್ಡನ್ನೇ ನುಂಗುವುದು ‘ಫಾಗ್’. ಅದು ಬಹಳ ಸಲ ಬೆಟ್ಟಕ್ಕೆ ಬಂದು ತಾಗಿದ ಮೋಡವೇ ಆಗಿರುತ್ತದೆ. ಚಳಿಗಾಲದ ಬೆಳಿಗ್ಗೆ ರಾಜಾಸೀಟಿನಲ್ಲಿ ನಿಂತಾಗ ಕೆಳಗಿನ ಕಣಿವೆಯಲ್ಲಿ ತೆಳ್ಳಗೆ ಹರಡಿಕೊಂಡು, ಬಿಸಿಲೇರುತ್ತಿದ್ದಂತೆ ಕರಗುವುದನ್ನು ಮಾತಿನ ಇಂಗ್ಲಿಷಿನಲ್ಲಿ ‘ಮಿಸ್ಟ್’ ಎನ್ನುವುದೇ ರೂಢಿ.

ಆದರೆ ಮನೆಯ ಪರಿಚಯ ಬರೆಯುವವರು ಕಿಲೋಮೀಟರ್ ಅಳೆಯುತ್ತಾ ಕೂರಲಾಗದು. ಆ ಪದ ಕೇಳಿದವರ ಮನಸ್ಸಿನಲ್ಲಿ ಏನಾಗುತ್ತದೆ ಎಂಬುದನ್ನು ನೋಡಿ. ‘ಮಿಸ್ಟ್’ ಎಂದರೆ ಅವರಿಗೆ ಚೆಲುವು, ‘ಫಾಗ್’ ಎಂದರೆ ಅಡಚಣೆ. ‘ಫಾಗ್’ನಿಂದ ವಿಮಾನ ತಡವಾಗುತ್ತದೆ, ಕಾರಿಗೆ ಹಳದಿ ದೀಪ ಬೇಕಾಗುತ್ತದೆ. ಹಾಗಾಗಿ ಜಗಲಿಯಲ್ಲಿ ಕಾಫಿ ಕುಡಿಯುತ್ತಾ ನೋಡುವ ಬೆಳಗಿನ ನೋಟಕ್ಕೆ ‘ಮಿಸ್ಟ್’ ಎಂದು ಬರೆಯಿರಿ. ರಾತ್ರಿ ಘಾಟಿ ಹತ್ತಿ ಬರುವವರನ್ನು ಎಚ್ಚರಿಸುವಾಗ ‘ಫಾಗ್’ ಎಂದೇ ಬರೆಯಿರಿ, ಅಲ್ಲಿ ಚಂದದ ಪದ ಬೇಡ. ಹುಲ್ಲಿನ ಮೇಲೆ, ಜೇಡರ ಬಲೆಯ ಮೇಲೆ ಕೂತಿರುವ ಹನಿ ಇವೆರಡೂ ಅಲ್ಲ. ಅದು ಇಬ್ಬನಿ, ಇಂಗ್ಲಿಷಿನಲ್ಲಿ ‘ಡ್ಯೂ’. ಇಲ್ಲಿ ಕನ್ನಡಕ್ಕೂ ತನ್ನದೇ ಆದ ಪದವಿರುವುದರಿಂದ ಗೊಂದಲವಾಗುವ ಕಾರಣವಿಲ್ಲ. ಮಂಜು ಎಂದು ಬರೆಯಲು ಹೊರಟಾಗ, ಅದು ಇಬ್ಬನಿಯೇ, ಹಿಮವೇ ಎಂದು ಮೊದಲು ಕನ್ನಡದಲ್ಲಿಯೇ ಕೇಳಿಕೊಳ್ಳಿ. ಅರ್ಧ ಉತ್ತರ ಅಲ್ಲಿಯೇ ಸಿಗುತ್ತದೆ.

ಇನ್ನು ನೆರಳು. ‘ಶೇಡ್’ ಎಂಬುದು ಬಿಸಿಲು ತಾಗದ ಜಾಗ, ‘ಶ್ಯಾಡೋ’ ಎಂಬುದು ಬೆಳಕಿಗೆ ಅಡ್ಡ ನಿಂತ ವಸ್ತುವಿನ ಆಕಾರ. ‘ಶೇಡ್’ನಲ್ಲಿ ಕುಳಿತುಕೊಳ್ಳಬಹುದು, ಅಲ್ಲಿ ತಂಪಾಗಿರುತ್ತದೆ, ಅದಕ್ಕೆ ಅಂಚು ಮುಖ್ಯವಲ್ಲ. ‘ಶ್ಯಾಡೋ’ಗೆ ಅಂಚಿದೆ, ಅದು ಉದ್ದವಾಗುತ್ತದೆ, ಗಿಡ್ಡವಾಗುತ್ತದೆ, ಒಡೆಯನನ್ನು ಹಿಂಬಾಲಿಸುತ್ತದೆ. ಒಂದು, ಎರಡು ಎಂದು ಎಣಿಸಲೂ ಬರುತ್ತದೆ. ನಿಮ್ಮ ತೋಟದ ಸಿಲ್ವರ್ ಓಕ್, ಹಾಲವಾಣ, ಕಾಡುಮರಗಳು ಕಾಫಿ ಗಿಡಕ್ಕೆ ಕೊಡುವುದು ‘ಶೇಡ್’. ಕೊಡಗಿನ ಕಾಫಿ ನೆರಳಿನಲ್ಲಿ ಬೆಳೆದದ್ದು ಎಂಬುದು ಅದರ ದೊಡ್ಡ ಹೆಗ್ಗಳಿಕೆ. ಹೊರಗಿನ ಕೊಳ್ಳುಗರು ಹುಡುಕಿಕೊಂಡು ಬರುವುದೂ ಅದನ್ನೇ. ಅಲ್ಲಿ ‘ಶ್ಯಾಡೋ’ ಎಂದು ಬರೆದರೆ ಓದುವವರಿಗೆ ಏನೋ ಕತ್ತಲಿನಲ್ಲಿ ಕದ್ದುಮುಚ್ಚಿ ಬೆಳೆದಂತೆ ಕೇಳಿಸುತ್ತದೆ, ಏಕೆಂದರೆ ಆ ಪದಕ್ಕೆ ಗುಟ್ಟು, ಅನುಮಾನಗಳ ನಂಟೂ ಇದೆ. ಸಂಜೆ ಅಂಗಳದಲ್ಲಿ ಅಡಿಕೆ ಮರದ ನೆರಳು ಉದ್ದಕ್ಕೆ ಚಾಚಿದೆ ಎನ್ನುವಾಗ ಮಾತ್ರ ‘ಶ್ಯಾಡೋ’.

ನಿಘಂಟಿನ ಬಗ್ಗೆ ನೀವು ಬೇಸರಿಸಿಕೊಂಡಿದ್ದೀರಿ. ಇಂಗ್ಲಿಷ್–ಕನ್ನಡ ನಿಘಂಟು ಸುಳ್ಳು ಹೇಳುತ್ತಿಲ್ಲ. ಪದದ ಎದುರು ಪದ ಇಡುವುದಷ್ಟೇ ಅದರ ಕೆಲಸ. ಎರಡು ಪದಗಳ ವ್ಯತ್ಯಾಸ ಅರ್ಥದಲ್ಲಿ ಸಿಗದಿದ್ದಾಗ ಅವುಗಳ ಒಡನಾಟದಲ್ಲಿ ಹುಡುಕಬೇಕು. ಪದವೊಂದರ ಅಕ್ಕಪಕ್ಕ ಸದಾ ಯಾವ ಪದಗಳು ಬರುತ್ತವೆ ಎಂಬುದೇ ಅದರ ಜಾತಕ. ವರ್ಷಗಟ್ಟಲೆ ಪಾಠ ಹೇಳಿದ ಮೇಲೆ ನಾನು ಹಿಡಿದುಕೊಂಡಿರುವ ಮಾತು ಇದೊಂದೇ: ಪದವನ್ನು ಒಂಟಿಯಾಗಿ ಕಲಿಯಬೇಡಿ, ಅದರ ಜೊತೆಗಾರರೊಂದಿಗೆ ಕಲಿಯಿರಿ.

ನಿಮ್ಮ ತೋಟದಿಂದಲೇ ಉದಾಹರಣೆ ತೆಗೆಯೋಣ. ಕೊಯ್ಯುವುದು ಎಂಬ ಒಂದು ಕ್ರಿಯಾಪದದಲ್ಲಿ ನಾವು ಕಾಫಿ, ಚಹಾ, ಭತ್ತ, ಕರಿಮೆಣಸು, ಹೂವು ಎಲ್ಲವನ್ನೂ ಮುಗಿಸುತ್ತೇವೆ. ಇಂಗ್ಲಿಷಿನಲ್ಲಿ ಕಾಫಿಗೆ ‘ಪಿಕ್’, ಚಹಾ ಎಲೆಗೆ ‘ಪ್ಲಕ್’. ಕೈಯ ಕೆಲಸ ಬಹಳ ಬೇರೆಯೇನೂ ಅಲ್ಲ, ಆದರೂ ಕಾಫಿ ತೋಟದಲ್ಲಿ ‘ಪ್ಲಕ್ಕಿಂಗ್’ ನಡೆಯುತ್ತಿದೆ ಎಂದರೆ ಬಲ್ಲವರಿಗೆ ಕಿವಿಗೆ ಚುಚ್ಚುತ್ತದೆ. ಭತ್ತಕ್ಕೆ ‘ಹಾರ್ವೆಸ್ಟ್’ ಅಥವಾ ‘ರೀಪ್’. ‘ಹಾರ್ವೆಸ್ಟ್’ ಎಲ್ಲ ಬೆಳೆಗೂ ಹೊಂದುವ ದೊಡ್ಡ ಪದ, ಅನುಮಾನ ಬಂದರೆ ಅದನ್ನೇ ಬಳಸಬಹುದು. ಹುತ್ತರಿಯನ್ನು ಸುಗ್ಗಿಯ ಹಬ್ಬ ಎಂದು ಪರಿಚಯಿಸಲೂ ಅದೇ ಸರಿ. ಆದರೆ ಹುತ್ತರಿಯ ರಾತ್ರಿ ಗದ್ದೆಗೆ ಹೋಗಿ ಕದಿರು ತೆಗೆಯುವುದಕ್ಕೆ ‘ಹಾರ್ವೆಸ್ಟ್’ ಬೇಡ, ‘ಕಟ್’ ಸಾಕು. ಅದು ಬೆಳೆ ಒಳಗೆ ತರುವ ಕೆಲಸವಲ್ಲ, ಶಾಸ್ತ್ರಕ್ಕಾಗಿ ಕೊಯ್ಯುವ ಮೊದಲ ಹಿಡಿ. ಕೊಂಬೆ ಸವರುವ ಕಪಾತೂ ಹಾಗೆಯೇ. ಕಾಫಿ ಗಿಡದ ಕಪಾತಿಗೆ ‘ಪ್ರೂನ್’, ನೆರಳಿನ ಮರದ ಕೊಂಬೆ ಕಡಿಯುವುದಕ್ಕೆ ‘ಲಾಪ್’.

ಹೂವಿನ ವಿಷಯದಲ್ಲಿ ಸ್ವಲ್ಪ ನಿಧಾನಿಸುತ್ತೇನೆ, ಏಕೆಂದರೆ ಅತಿಥಿಗಳು ಅದನ್ನು ನೋಡಲೆಂದೇ ಬರುತ್ತಾರೆ. ಯಾವುದೇ ಒಂದು ಹೂವು ‘ಫ್ಲವರ್’. ಮರಗಿಡಗಳಲ್ಲಿ, ಅದರಲ್ಲೂ ಹಣ್ಣು ಬಿಡುವವುಗಳಲ್ಲಿ, ಕೊಂಬೆ ತುಂಬಾ ಒಟ್ಟಿಗೆ ಅರಳುವ ಹೂವು ‘ಬ್ಲಾಸಮ್’. ‘ಬ್ಲೂಮ್’ ಎಂದರೆ ಅರಳಿರುವ ಸ್ಥಿತಿ. ಕಾಫಿಯ ಹೂವಿಗೆ ‘ಬ್ಲಾಸಮ್’ ಎಂಬುದು ಹೇಳಿ ಮಾಡಿಸಿದ ಪದ. ತೋಟಗಾರರ ಇಂಗ್ಲಿಷಿನಲ್ಲಿ ಹೂಮಳೆಗೂ ‘ಬ್ಲಾಸಮ್ ಶವರ್’ ಎಂದೇ ಹೆಸರು. ಫೆಬ್ರವರಿಯಿಂದ ಏಪ್ರಿಲ್ ಒಳಗೆ ಆ ಮಳೆ ಬಿದ್ದು ಒಂದು ವಾರ, ಹತ್ತು ದಿನ ಕಳೆದರೆ ತೋಟವೆಲ್ಲ ಬೆಳ್ಳಗಾಗುತ್ತದೆ. ಆಮೇಲೆ ಕಾಯಿ ಕಚ್ಚಲು ಬೇಕಾದ ಮಳೆಗೆ ‘ಬ್ಯಾಕಿಂಗ್ ಶವರ್’ ಎನ್ನುತ್ತಾರೆ. ಇಲ್ಲಿ ‘ರೇನ್’ ಬಿಟ್ಟು ‘ಶವರ್’ ಬಂದಿರುವುದನ್ನು ಗಮನಿಸಿ. ‘ಶವರ್’ ಎಂದರೆ ಬಂದು ಹೋಗುವ ಮಳೆ. ಜೂನ್ ಆದ ಮೇಲೆ ನಮ್ಮಲ್ಲಿ ಹಿಡಿಯುವ ಜಡಿಮಳೆ ‘ಶವರ್’ ಅಲ್ಲವೇ ಅಲ್ಲ. ಮಳೆಗಾಲದ ಕೊಡಗಿನಲ್ಲಿ ‘ಶವರ್’ ಇರುತ್ತದೆ ಎಂದು ಬರೆದರೆ ಅತಿಥಿಗಳು ಒಂದು ಕೊಡೆ ಹಿಡಿದುಕೊಂಡು ಬಂದು ಪರದಾಡುತ್ತಾರೆ. ಮಾಂದಲಪಟ್ಟಿಯ ಕಡೆ ಕುರಿಂಜಿ ಅರಳಿದಾಗ ‘ಬ್ಲೂಮ್’ ಎನ್ನಿ, ‘ಬ್ಲಾಸಮ್’ ಬೇಡ.

ಕಾಫಿ ಬೀಜಕ್ಕೆ ಇಂಗ್ಲಿಷಿನಲ್ಲಿ ‘ಬೀನ್’, ಅದು ಹುರುಳಿ, ಅವರೆಗಳ ಜಾತಿಯ ಕಾಳಲ್ಲದಿದ್ದರೂ. ‘ಕಾಫಿ ಸೀಡ್’ ಎಂದರೆ ನರ್ಸರಿಯಲ್ಲಿ ಬಿತ್ತುವ ಬೀಜ. ಹಾಗಾಗಿ ನಮ್ಮ ತೋಟದ ಬೀಜ ಮಾರಾಟಕ್ಕಿದೆ ಎಂದು ಬರೆಯುವಾಗ ಎಚ್ಚರವಿರಲಿ. ಕುಡಿಯುವವನು ‘ಬೀನ್’ ಹುಡುಕುತ್ತಾನೆ, ನೆಡುವವನು ‘ಸೀಡ್’. ಹಣ್ಣಿನ ಹೆಸರಿನಲ್ಲಿ ಇನ್ನೂ ಸೂಕ್ಷ್ಮವಿದೆ. ಗಿಡದ ಮೇಲಿನ ಕೆಂಪು ಹಣ್ಣಿಗೆ ಜಗತ್ತಿನೆಲ್ಲೆಡೆ ‘ಚೆರ್ರಿ’ ಎಂಬ ಹೆಸರು. ಆದರೆ ನಮ್ಮ ಮಾರುಕಟ್ಟೆಯಲ್ಲಿ ‘ಚೆರ್ರಿ’ ಎಂದರೆ ಹಣ್ಣನ್ನು ಹಾಗೆಯೇ ಕಣದಲ್ಲಿ ಒಣಗಿಸಿದ ಕಾಫಿ. ಪಲ್ಪ್ ಮಾಡಿ, ಅಂದರೆ ಹಣ್ಣಿನ ಸಿಪ್ಪೆ ತೆಗೆದು, ತೊಳೆದು, ಹೊಟ್ಟಿನೊಂದಿಗೆ ಒಣಗಿಸಿದ್ದು ‘ಪಾರ್ಚ್‌ಮೆಂಟ್’. ನೀವು ದಿನಾ ಪತ್ರಿಕೆಯಲ್ಲಿ 50 ಕೆ.ಜಿ. ಚೀಲದ ದರ ನೋಡುವುದು ಈ ಹೆಸರುಗಳ ಕೆಳಗೇ: ಅರೇಬಿಕಾ ಪಾರ್ಚ್‌ಮೆಂಟ್, ಅರೇಬಿಕಾ ಚೆರ್ರಿ, ರೋಬಸ್ಟಾ ಪಾರ್ಚ್‌ಮೆಂಟ್, ರೋಬಸ್ಟಾ ಚೆರ್ರಿ. ಈಗ ನೀವು ಹೊರದೇಶದ ಅತಿಥಿಗೆ ನಮ್ಮಲ್ಲಿ ‘ಚೆರ್ರಿ’ ಸಿಗುತ್ತದೆ ಎಂದರೆ ಅವರು ಗಿಡದಿಂದ ಆಗತಾನೇ ಕಿತ್ತ ಹಣ್ಣನ್ನು ನೆನೆಯುತ್ತಾರೆ, ನಿಮ್ಮ ಮನಸ್ಸಿನಲ್ಲಿರುವುದು ಗೋದಾಮಿನ ಚೀಲ. ‘ಡ್ರೈ’ ಎಂಬ ಒಂದು ಪದವನ್ನು ಮುಂದೆ ಸೇರಿಸಿದರೆ ತೊಡಕು ಬಿಡಿಸಿಕೊಳ್ಳುತ್ತದೆ.

‘ಪ್ಲಾಂಟೇಷನ್’ ಪದವೂ ಹೀಗೆಯೇ. ತೋಟ ಎಂಬ ಅರ್ಥದ ಜೊತೆಗೆ ಭಾರತದ ಕಾಫಿ ವ್ಯಾಪಾರದಲ್ಲಿ ಅದು ತೊಳೆದು ಸಂಸ್ಕರಿಸಿದ ಅರೇಬಿಕಾದ ದರ್ಜೆಯ ಹೆಸರು: ಪ್ಲಾಂಟೇಷನ್ ಎಎ, ಪ್ಲಾಂಟೇಷನ್ ಎ. ಜಾಗ ಎಂಬರ್ಥದಲ್ಲಿ ಕಾಫಿಗೆ ‘ಎಸ್ಟೇಟ್’ ಮತ್ತು ‘ಪ್ಲಾಂಟೇಷನ್’ ಎರಡೂ ನಡೆಯುತ್ತವೆ. ‘ಎಸ್ಟೇಟ್’ ಎಂದರೆ ಮನೆ, ಕಣ, ಗದ್ದೆ, ಕಾರ್ಮಿಕರು ವಾಸಿಸುವ ಲೈನುಗಳೆಲ್ಲ ಸೇರಿದ ಆಸ್ತಿ. ‘ಪ್ಲಾಂಟೇಷನ್’ ಎಂದರೆ ಬೆಳೆ ನೆಟ್ಟ ನೆಲ. ಕಿತ್ತಳೆಯ ತೋಟ ‘ಆರ್ಚರ್ಡ್’, ತರಕಾರಿ ತೋಟ ‘ಗಾರ್ಡನ್’. ಅಸ್ಸಾಮಿನಲ್ಲಿ, ಡಾರ್ಜಿಲಿಂಗ್‌ನಲ್ಲಿ ಚಹಾ ತೋಟಕ್ಕೂ ‘ಗಾರ್ಡನ್’ ಎನ್ನುತ್ತಾರೆ. ಆದರೆ ‘ಕಾಫಿ ಗಾರ್ಡನ್’ ಎಂದರೆ ಮನೆಯ ಹಿತ್ತಿಲಿನಲ್ಲಿ ನಾಲ್ಕು ಗಿಡ ಇದ್ದಂತೆ ಕೇಳಿಸುತ್ತದೆ. ಇದಕ್ಕೆಲ್ಲ ಕಾರಣ ಕೇಳಬೇಡಿ, ಒಡನಾಟದ ರೂಢಿ ಎಂದಿಟ್ಟುಕೊಳ್ಳಿ.

ಇನ್ನೊಂದು ಗುಂಪಿನ ಪದಗಳಿವೆ. ಅಲ್ಲಿ ಕನ್ನಡವೇ ನಿಮ್ಮ ಕೈ ಹಿಡಿಯುತ್ತದೆ, ಆದರೆ ಶಾಲೆಯಲ್ಲಿ ಇದನ್ನು ಯಾರೂ ಹೇಳಿಕೊಡುವುದಿಲ್ಲ. ‘ಹಿಯರ್’, ‘ಲಿಸನ್’ ಎರಡಕ್ಕೂ ಕೇಳು ಎಂದೇ ಅರ್ಥ ಬರೆಸುತ್ತಾರೆ, ‘ಆಸ್ಕ್’ಗೂ ಅದೇ. ಆದರೆ ನಾವು ಮಾತನಾಡುವಾಗ ಎರಡು ಬೇರೆ ಕಟ್ಟುಗಳನ್ನು ಬಳಸುತ್ತೇವೆ. ‘ನನಗೆ ಆನೆ ಘೀಳಿಡುವುದು ಕೇಳಿಸಿತು’ ಎಂಬುದರಲ್ಲಿ ನಾನು ಏನೂ ಮಾಡಲಿಲ್ಲ, ಸದ್ದು ತಾನಾಗಿ ಬಂತು. ಅದು ‘ಹಿಯರ್’. ‘ನಾನು ಅಜ್ಜಿಯ ಹಾಡು ಕೇಳಿದೆ’ ಎಂಬುದರಲ್ಲಿ ನಾನು ಮನಸ್ಸಿಟ್ಟು ಕುಳಿತಿದ್ದೆ. ಅದು ‘ಲಿಸನ್’. ‘ನನಗೆ’ ಎಂದು ಶುರುವಾಗುವ ವಾಕ್ಯಕ್ಕೆ ‘ಹಿಯರ್’, ‘ನಾನು’ ಎಂದು ಶುರುವಾಗುವುದಕ್ಕೆ ‘ಲಿಸನ್’. ಕಣ್ಣಿಗೂ ಇದೇ ಸೂತ್ರ: ‘ನನಗೆ ಕಂಡಿತು’ ಎಂದರೆ ‘ಸೀ’, ‘ನಾನು ನೋಡಿದೆ’ ಎಂದರೆ ‘ಲುಕ್’. ಚಲಿಸುತ್ತಿರುವುದನ್ನು ಸ್ವಲ್ಪ ಹೊತ್ತು ನೋಡುತ್ತಾ ನಿಂತರೆ ‘ವಾಚ್’. ದುಬಾರೆಯಲ್ಲಿ ಆನೆಗಳಿಗೆ ಸ್ನಾನ ಮಾಡಿಸುವುದನ್ನು ‘ವಾಚ್’ ಮಾಡುತ್ತೇವೆ, ಹಕ್ಕಿಗಳನ್ನೂ ‘ವಾಚ್’ ಮಾಡುತ್ತೇವೆ. ಊರು, ಜಲಪಾತ, ದೇವಸ್ಥಾನಗಳನ್ನು ಪ್ರವಾಸಿಯಾಗಿ ನೋಡುವುದು ಮಾತ್ರ ಸೂತ್ರಕ್ಕೆ ಹೊರಗೆ ಉಳಿದು ‘ಸೀ’ ಆಗುತ್ತದೆ.

ಕನ್ನಡದ ‘ಇಸು’ ಪ್ರತ್ಯಯವೂ ಇಂಥದೇ ದೊಡ್ಡ ನೆರವು. ನೆನಪಾಗು, ನೆನಪಿಟ್ಟುಕೊಳ್ಳು ಎಂದರೆ ‘ರಿಮೆಂಬರ್’, ನೆನಪಿಸು ಎಂದರೆ ‘ರಿಮೈಂಡ್’. ಏಳು ‘ರೈಸ್’, ಎಬ್ಬಿಸು, ಏರಿಸು, ಎತ್ತು ‘ರೇಸ್’. ಹೊಳೆಯಿಂದ ಮಂಜು ‘ರೈಸ್’ ಆಗುತ್ತದೆ, ಕೋಣೆಯ ಬಾಡಿಗೆಯನ್ನು ನೀವು ‘ರೇಸ್’ ಮಾಡುತ್ತೀರಿ. ಮಲಗು ‘ಲೈ’, ಮಲಗಿಸು ಅಥವಾ ಇಡು ‘ಲೇ’. ತೊಂದರೆ ಎಲ್ಲಿ ಬರುತ್ತದೆ ಎಂದರೆ ‘ಲೈ’ ಪದದ ಭೂತಕಾಲವೂ ‘ಲೇ’ ಆಗಿಬಿಡುತ್ತದೆ. ಇಂಗ್ಲಿಷರೇ ಇಲ್ಲಿ ತಪ್ಪುತ್ತಾರೆ, ನೀವು ತಪ್ಪಿದರೆ ಸಂಕೋಚ ಬೇಡ.

ಈ ಗುಂಪಿನಲ್ಲಿ ತೋಟದವರು ತಪ್ಪಲೇಬಾರದ ಜೋಡಿಯೊಂದಿದೆ: ‘ಫಾಲ್’ ಮತ್ತು ‘ಫೆಲ್’. ಮರ ಬೀಳುವುದು ‘ಫಾಲ್’, ಬಿದ್ದಿತು ಎನ್ನಲು ‘ಫೆಲ್’. ಮರವನ್ನು ಕಡಿದು ಉರುಳಿಸುವುದೂ ‘ಫೆಲ್’, ಉರುಳಿಸಿದರು ಎನ್ನಲು ‘ಫೆಲ್ಡ್’. ಗಾಳಿಗೆ ಬಿದ್ದ ಮರದ ಬಗ್ಗೆ ಪತ್ರ ಬರೆಯುವಾಗ ಕೊನೆಯಲ್ಲಿ ‘ಇ’, ‘ಡಿ’ ಎಂಬ ಎರಡಕ್ಷರ ಸೇರಿಕೊಂಡರೆ ನೀವೇ ಕಡಿಸಿದಿರಿ ಎಂದಾಗುತ್ತದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಅನೇಕ ಜಾತಿಯ ಮರಗಳನ್ನು ಖಾಸಗಿ ಜಮೀನಿನಲ್ಲಿಯೂ ಅನುಮತಿಯಿಲ್ಲದೆ ಕಡಿಯುವಂತಿಲ್ಲ. ವಿಮೆಗೋ ಇಲಾಖೆಗೋ ಇಂಗ್ಲಿಷಿನಲ್ಲಿ ಅರ್ಜಿ ಬರೆಯುವವರು ಈ ಎರಡಕ್ಷರಗಳನ್ನು ಎರಡು ಸಲ ನೋಡಬೇಕು.

ಕಚ್ಚುವುದರ ಬಗ್ಗೆ ಒಂದು ಮಾತು, ಏಕೆಂದರೆ ಮಳೆಗಾಲದ ಅತಿಥಿಗಳ ಮೊದಲ ಪ್ರಶ್ನೆ ಜಿಗಣೆಯದು. ಬಾಯಿಂದ ಕಚ್ಚಿದರೆ ‘ಬೈಟ್’: ಜಿಗಣೆ, ಹಾವು, ಸೊಳ್ಳೆ. ಹಿಂಬದಿಯ ಮುಳ್ಳಿನಿಂದ ಚುಚ್ಚಿದರೆ ‘ಸ್ಟಿಂಗ್’: ಜೇನು, ಕಣಜ, ಚೇಳು. ಜೇನು ಕಚ್ಚಿತು ಎಂದು ಕನ್ನಡದಲ್ಲಿ ಹೇಳುವುದು ಸರಿಯೇ, ಇಂಗ್ಲಿಷಿನಲ್ಲಿ ಅದಕ್ಕೆ ‘ಬೈಟ್’ ಸಲ್ಲದು. ಅಡುಗೆಮನೆಯಲ್ಲಿ ಹುರಿಯುವುದೂ ಎರಡಾಗುತ್ತದೆ: ಎಣ್ಣೆಯಿಲ್ಲದೆ ಕಾಫಿ ಬೀಜ ಹುರಿದರೆ ‘ರೋಸ್ಟ್’, ಎಣ್ಣೆಯಲ್ಲಿ ಪಂದಿ ಮಾಂಸ ಹುರಿದರೆ ‘ಫ್ರೈ’. ಖಾರಕ್ಕೆ ‘ಹಾಟ್’ ಎನ್ನದೆ ‘ಸ್ಪೈಸಿ’ ಎಂದುಬಿಡಿ, ಬಿಸಿಯೋ ಖಾರವೋ ಎಂಬ ಅನುಮಾನ ಉಳಿಯುವುದಿಲ್ಲ. ನಮ್ಮ ಅಡುಗೆಯ ಕಪ್ಪು ಹುಳಿರಸ ಕಾಚಂಪುಳಿಯ ಹುಳಿಗೆ ‘ಸೋರ್’ ಎಂದರೆ ತಪ್ಪಲ್ಲ, ಆದರೆ ಕೆಟ್ಟ ಹಾಲಿಗೂ ಅದೇ ಪದ. ‘ಟ್ಯಾಂಗಿ’ ಎಂದರೆ ನಾಲಿಗೆಗೆ ಹಿತವಾದ ಹುಳಿ.

ಈಗ ಕಿವಿಯ ತೊಡಕಿಗೆ ಬರೋಣ. ನಿಮ್ಮ ಮಗಳು ಹೇಳಿದ್ದು ಸರಿ. ‘ಕಾಂಪ್ಲಿಮೆಂಟರಿ’ ಎಂಬ ಒಂದೇ ಉಚ್ಚಾರಕ್ಕೆ ಎರಡು ಬರಹಗಳಿವೆ. ‘ಎಲ್’ ಅಕ್ಷರದ ನಂತರ ‘ಐ’ ಬಂದರೆ ಉಚಿತ ಅಥವಾ ಮೆಚ್ಚುಗೆಯ ಎಂಬರ್ಥ. ‘ಎಲ್’ ನಂತರ ‘ಇ’ ಬಂದರೆ ಒಂದನ್ನೊಂದು ಪೂರ್ಣಗೊಳಿಸುವ, ಪೂರಕವಾದ ಎಂಬರ್ಥ. ‘ಕಂಪ್ಲೀಟ್’ ಪದದಲ್ಲಿಯೂ ‘ಎಲ್’ ನಂತರ ‘ಇ’ ಇದೆ, ಪೂರ್ಣ ಎಂಬ ಅರ್ಥವೂ ಅಲ್ಲಿಂದಲೇ ಬಂದದ್ದು. ಹಾಗೆ ನೆನಪಿಟ್ಟುಕೊಂಡರೆ ಮತ್ತೆ ತಪ್ಪುವುದಿಲ್ಲ. ನಿಮ್ಮ ತಿಂಡಿಗೆ ‘ಐ’ ಬೇಕು. ಅಕ್ಕಿಯ ಉಂಡೆಯಾದ ಕಡಂಬುಟ್ಟಿಗೂ ಪಂದಿ ಕರಿಗೂ ಇರುವ ಹೊಂದಾಣಿಕೆಯನ್ನು ವರ್ಣಿಸುವಾಗ ‘ಇ’ ಬೇಕು.

ಇದಕ್ಕಿಂತ ಹೆಚ್ಚು ಮುಜುಗರ ತರುವ ಜೋಡಿ ದೇವರಕಾಡಿನದು. ಕೊಡಗಿನಲ್ಲಿ ಸಾವಿರಕ್ಕೂ ಹೆಚ್ಚು ದೇವರಕಾಡುಗಳಿವೆ, ನಿಮ್ಮೂರಿನದನ್ನೂ ಪರಿಚಯದಲ್ಲಿ ಸೇರಿಸಿರುತ್ತೀರಿ. ಪವಿತ್ರ ಎಂಬುದಕ್ಕೆ ‘ಸೇಕ್ರೆಡ್’: ‘ಎಸ್’ ನಂತರ ‘ಎ’. ಬೆರಳು ಜಾರಿ ‘ಎಸ್’ ನಂತರ ‘ಸಿ’ ಬಂದು ‘ಎ’ ಹಿಂದೆ ಸರಿದರೆ ‘ಸ್ಕೇರ್ಡ್’, ಅಂದರೆ ಹೆದರಿದ ಕಾಡು. ಎರಡೂ ಇಂಗ್ಲಿಷಿನ ನಿಜವಾದ ಪದಗಳಾದ್ದರಿಂದ ಮೊಬೈಲಿನ ಸ್ಪೆಲ್ಲಿಂಗ್ ತಿದ್ದುವ ವ್ಯವಸ್ಥೆ ಸುಮ್ಮನಿದ್ದುಬಿಡುತ್ತದೆ. ಅರ್ಥ ತಿಳಿದಿದ್ದರೂ ಆಗುವ ತಪ್ಪು ಇದು. ಬರೆದ ಮೇಲೆ ಗಟ್ಟಿಯಾಗಿ ಓದಿ ನೋಡುವುದೊಂದೇ ಇದಕ್ಕೆ ದಾರಿ. ಆ ಕಾಡಿಗೆ ‘ಜಂಗಲ್’ ಎನ್ನಬೇಡಿ, ‘ಗ್ರೋವ್’ ಎನ್ನಿ. ‘ಗ್ರೋವ್’ ಎಂದರೆ ಜನ ಕಾಪಾಡಿಕೊಂಡು ಬಂದ ಸಣ್ಣ ಮರಗುಂಪು ಎಂಬ ಭಾವವಿದೆ, ‘ಜಂಗಲ್’ನಲ್ಲಿ ಯಾರ ಹಂಗೂ ಇಲ್ಲ.

ಕೊಡವರ ಕುಟುಂಬದ ಮೂಲಮನೆಯಾದ ಐನ್‌ಮನೆಯನ್ನು ‘ಏನ್ಷಿಯೆಂಟ್’ ಎಂದು ಬರೆಯುವವರನ್ನು ಕಂಡಿದ್ದೇನೆ. ಆ ಪದ ಈಜಿಪ್ಟಿನ ಪಿರಮಿಡ್ಡಿನಂಥ ಪ್ರಾಚೀನತೆಗೆ ಸಲ್ಲುತ್ತದೆ. ಐನ್‌ಮನೆಗೆ ‘ಆನ್ಸೆಸ್ಟ್ರಲ್’: ಪೂರ್ವಜರಿಂದ ಬಂದದ್ದು, ಒಕ್ಕಕ್ಕೆ, ಅಂದರೆ ಇಡೀ ಮನೆತನಕ್ಕೆ ಸೇರಿದ್ದು. ಇಲ್ಲಿ ವಯಸ್ಸಿಗಿಂತ ವಂಶ ಮುಖ್ಯ. ಒಳಗಿರುವ ಹಳೆಯ ಪೆಟ್ಟಿಗೆ, ದೀಪಗಳು ‘ಆಂಟಿಕ್’.

ಮೂರನೆಯ ತೊಡಕಿನಲ್ಲಿ ಮುಂದಾಳು ‘ಹೋಟೆಲ್’. ಕನ್ನಡದಲ್ಲಿ ಹೋಟೆಲಿಗೆ ಹೋಗುವುದೆಂದರೆ ತಿನ್ನಲು, ಇಂಗ್ಲಿಷಿನಲ್ಲಿ ಉಳಿದುಕೊಳ್ಳಲು. ಮಧ್ಯಾಹ್ನ ಅಡುಗೆ ಇಲ್ಲದ ದಿನ ನೀವು ಅತಿಥಿಗಳಿಗೆ ಪಕ್ಕದಲ್ಲಿ ಒಳ್ಳೆಯ ಹೋಟೆಲ್ ಇದೆ ಎಂದು ಇಂಗ್ಲಿಷಿನಲ್ಲಿ ಹೇಳಿದರೆ, ಇವರು ನಮ್ಮನ್ನು ಬೇರೆಡೆಗೆ ಸಾಗಹಾಕುತ್ತಿದ್ದಾರೆ ಎಂದುಕೊಳ್ಳುತ್ತಾರೆ. ‘ರೆಸ್ಟೋರೆಂಟ್’ ಎನ್ನಿ. ಇನ್ನೊಂದು ‘ರೈಟರ್’. ಕೊಡಗಿನ ತೋಟಗಳಲ್ಲಿ ರೈಟರ್ ಎಂದರೆ ಹಾಜರಿ ಬರೆದು, ಕೆಲಸ ನೋಡಿಕೊಳ್ಳುವವರು. ತೋಟ ತೋರಿಸಲು ನಮ್ಮ ರೈಟರ್ ಬರುತ್ತಾರೆ ಎಂದರೆ ಹೊರಗಿನವರು ಕಾದಂಬರಿಕಾರರನ್ನು ಕಾಯುತ್ತಾರೆ. ಅವರಿಗೆ ‘ಸೂಪರ್‌ವೈಸರ್’ ಎಂದು ಹೇಳಿ, ಬೇಕಾದರೆ ರೈಟರ್ ಎಂಬ ಸ್ಥಳೀಯ ಹೆಸರನ್ನೂ ವಿವರಿಸಿ. ಇಂಥ ಪದಗಳು ಪರಿಚಿತವೆನಿಸುವುದರಿಂದಲೇ ನಾವು ನಿಘಂಟು ತೆರೆಯುವುದಿಲ್ಲ. ಕನ್ನಡದಲ್ಲಿ ದಿನಾ ಬಳಸುವ ಇಂಗ್ಲಿಷ್ ಪದವನ್ನು ಇಂಗ್ಲಿಷಿನೊಳಗೆ ಮರಳಿ ಬಳಸುವಾಗ ಒಮ್ಮೆ ಪರೀಕ್ಷಿಸಲೇಬೇಕು.

ಅಭ್ಯಾಸಕ್ಕೆ ಒಂದು ಸಣ್ಣ ಪುಸ್ತಕ ಇಟ್ಟುಕೊಳ್ಳಿ. ಪದ ಬರೆದು ಎದುರಿಗೆ ಕನ್ನಡ ಅರ್ಥ ಬರೆಯುವ ಹಳೆಯ ಪದ್ಧತಿ ಬಿಟ್ಟುಬಿಡಿ. ಪುಟದ ತಲೆಯಲ್ಲಿ ಕನ್ನಡ ಪದ ಬರೆಯಿರಿ, ಉದಾಹರಣೆಗೆ ಕೊಯ್ಯು. ಕೆಳಗೆ ಕಾಫಿ, ಚಹಾ, ಭತ್ತ ಎಂದು ಬರೆದು ಒಂದೊಂದರ ಪಕ್ಕ ಅದರದೇ ಇಂಗ್ಲಿಷ್ ಕ್ರಿಯಾಪದ ಸೇರಿಸಿ. ನಿಮ್ಮ ಕೆಲಸಕ್ಕೆ ಬೇಕಾಗುವ ಪದಗಳು ಅಷ್ಟೇನೂ ಹೆಚ್ಚಿಲ್ಲ. ಕಲಿಯುವವರಿಗೆಂದೇ ಮಾಡಿದ ಇಂಗ್ಲಿಷ್–ಇಂಗ್ಲಿಷ್ ನಿಘಂಟುಗಳಲ್ಲಿ ಅರ್ಥಕ್ಕಿಂತ ಅದರ ಕೆಳಗಿನ ಉದಾಹರಣೆ ವಾಕ್ಯಗಳನ್ನು ಮೊದಲು ಓದಿ. ಮೊಬೈಲಿನ ಅನುವಾದವನ್ನು ನಂಬುವುದಾದರೆ ಒಂಟಿ ಪದ ಕೊಡಬೇಡಿ, ಇಡೀ ವಾಕ್ಯ ಕೊಡಿ. ಬಂದ ಉತ್ತರವನ್ನು ಮತ್ತೆ ಕನ್ನಡಕ್ಕೆ ತಿರುಗಿಸಿ ನೋಡಿ, ಮಂಜು ಹೋಗಿ ಹಿಮ ಬಂದಿದ್ದರೆ ಅಲ್ಲಿಯೇ ಸಿಕ್ಕಿಬೀಳುತ್ತದೆ.

ನೀವು ಕೇಳದಿದ್ದರೂ ಇನ್ನೊಂದು ಜೋಡಿಯನ್ನು ಹೇಳದೆ ಬಿಡಲಾರೆ: ‘ಸೇಫ್’ ಮತ್ತು ‘ಸೆಕ್ಯೂರ್’. ಅಪಾಯವಾಗದು ಎಂದರೆ ‘ಸೇಫ್’, ಕಾವಲು, ಬೀಗಗಳ ಭದ್ರತೆ ಇದೆ ಎಂದರೆ ‘ಸೆಕ್ಯೂರ್’. ಗೇಟಿನೊಳಗಿನ ನಿಮ್ಮ ಪಾರ್ಕಿಂಗ್ ‘ಸೆಕ್ಯೂರ್’, ಕುದಿಸಿದ ನೀರು ‘ಸೇಫ್’. ಜೂನಿನಿಂದ ಸೆಪ್ಟೆಂಬರ್‌ವರೆಗೆ ಬರುವ ಪ್ರತಿಯೊಬ್ಬರೂ ರಸ್ತೆ ‘ಸೇಫ್’ ಆಗಿದೆಯೇ ಎಂದು ಕೇಳುತ್ತಾರೆ, ನಾವು ಒಳ್ಳೆಯ ಮನಸ್ಸಿನಿಂದ ಹೌದು ಎಂದುಬಿಡುತ್ತೇವೆ. 2018ರ ಆಗಸ್ಟಿನಲ್ಲಿ ಜೋಡುಪಾಲದ ಕಡೆ ಬೆಟ್ಟಗಳೇ ಕುಸಿದು ಮಡಿಕೇರಿ–ಮಂಗಳೂರು ಹೆದ್ದಾರಿಯ ಸಂಚಾರ ನಿಂತದ್ದನ್ನು ಕಂಡ ಜಿಲ್ಲೆ ನಮ್ಮದು. ಆ ಪ್ರಮಾಣದ ಕುಸಿತ ‘ಲ್ಯಾಂಡ್‌ಸ್ಲೈಡ್’, ರಸ್ತೆಬದಿಯ ಮಣ್ಣು ಅಲ್ಲಲ್ಲಿ ಜಾರಿದ್ದರೆ ‘ಲ್ಯಾಂಡ್‌ಸ್ಲಿಪ್’. ‘ಸೇಫ್’ ಎಂಬುದು ನೀವು ಕೊಡುವ ಭರವಸೆ, ಅದನ್ನು ಕೊಡುವ ಅಧಿಕಾರ ಮಳೆಗಾಲದಲ್ಲಿ ಯಾರಿಗೂ ಇಲ್ಲ. ‘ಓಪನ್’ ಎಂಬುದು ಸಂಗತಿ, ಅದನ್ನು ಜಿಲ್ಲಾಡಳಿತದ ಆ ದಿನದ ಪ್ರಕಟಣೆ ನೋಡಿ ಖಚಿತಪಡಿಸಿಕೊಳ್ಳಬಹುದು. ಅತಿಥಿಗಳಿಗೆ ‘ಓಪನ್’ ಎಂದು ಬರೆಯಿರಿ, ಯಾವ ದಿನ, ಎಷ್ಟು ಹೊತ್ತಿಗೆ ವಿಚಾರಿಸಿದ ಮಾತು ಎಂಬುದನ್ನೂ ಸೇರಿಸಿ, ಹೊರಡುವ ಮುನ್ನ ಮತ್ತೊಮ್ಮೆ ಫೋನ್ ಮಾಡಿ ಕೇಳಲು ಹೇಳಿ.